ಕಾಗದ ಮುಗಿದಿತ್ತು

ಕುಶಿರೊ ಬಂದರಿನ ಮೀನುಗಾರರ ಸಂಘದಲ್ಲಿ
ಮಹಡಿ ಮೆಟ್ಟಿಲ ಕೆಳಗೆ ನನ್ನ ಮೇಜು.
ಇಂಗ್ಲಿಷಿನಲ್ಲಿ ಬಂದದ್ದೆಲ್ಲ ನನ್ನ ಪಾಲು:
ಹಗ್ಗದ ಬೆಲೆಪಟ್ಟಿ, ಪರವಾನಗಿ, ದಂಡದ ನೋಟೀಸು.

ಕೆಲಸಕ್ಕೆ ಸೇರಿದ ಹೊಸತರಲ್ಲಿ
ಬಲೆ ಎಳೆಯುವ ಯಂತ್ರದ ಕೈಪಿಡಿಯೊಂದು
ವರ್ಷಕ್ಕೊಮ್ಮೆ ಸ್ಪ್ರಿಂಗ್ ಬದಲಿಸಿ ಎಂದಿತ್ತು.
ಬನೆ ಅನ್ನಬೇಕಾದಲ್ಲಿ ಹರು ಎಂದು ಬರೆದೆ,
ಸುರುಳಿತಂತಿಯ ಜಾಗದಲ್ಲಿ ವಸಂತ ಋತು.
ಇಪ್ಪತ್ತು ವರ್ಷವಾಯಿತು. ಈಗಲೂ ಏಪ್ರಿಲಿನಲ್ಲಿ
ಹಿಮ ಕರಗದಿದ್ದರೆ ಯಾರಾದರೊಬ್ಬರು
ಬಾಗಿಲಲ್ಲಿ ತಲೆ ಹಾಕಿ ಕೇಳುತ್ತಾರೆ:
'ಏನು ಹಿರಾಬುಕಿ-ಸಾನ್, ಈ ಸಲ ಬದಲಿಸಲಿಲ್ಲವೇ?'

ಫೆಬ್ರುವರಿಯ ಆ ಸಂಜೆ ಸರಾಶಿನಾ ಕಿನುಯೊ ಬಂದಳು,
ಚಿಪ್ಪು ಬಿಡಿಸುವ ಶೆಡ್ಡಿನಿಂದ ನೇರ, ರಬ್ಬರ್ ಬೂಟಿನಲ್ಲೇ.
ಮಗ ತೊಮೊಹಾರು ದಕ್ಷಿಣದ ಕಡಲಲ್ಲಿ
ಡೆಕ್ಕಿನ ಮೇಲೆ ಜಾರಿ ಬಿದ್ದು, ನ್ಯೂಜಿಲೆಂಡಿನ
ಯಾವುದೋ ಊರಿನ ಆಸ್ಪತ್ರೆ ಸೇರಿ ಆರು ದಿನ.
ರಾತ್ರಿ ಪಾಳಿಯ ನರ್ಸ್ ಒಬ್ಬಳು ಫ್ಯಾಕ್ಸ್ ಕಳಿಸುತ್ತಿದ್ದಳು.

ಯಂತ್ರ ನಡುಗಿತು. ಬೆಚ್ಚಗಿನ ಕಾಗದ ಹೊರಬಂತು.
ಮೂಳೆಯ ಸಂಗತಿ, ಜ್ವರದ ಸಂಗತಿ, ಕೊನೆಗೆ
ಹಿ ಈಸ್ ಸ್ಟಿಲ್
ಅಲ್ಲಿಗೆ ಸುರುಳಿ ಖಾಲಿ.

'ಏನಂತೆ?' ಎಂದಳು.

ಸ್ಟಿಲ್. ಇನ್ನೂ. ಸ್ಟಿಲ್. ಅಲುಗದೆ.
ಇನ್ನೂ ಎಂದಾದರೆ ವಾಕ್ಯಕ್ಕೆ ಬಾಲವಿದೆ,
ಸಮುದ್ರದಾಚೆ ಉಳಿದಿದೆ.
ಅಲುಗದೆ ಎಂದಾದರೆ ವಾಕ್ಯ ಮುಗಿದಿದೆ,
ಪೂರ್ಣವಿರಾಮವೊಂದೇ ಕಾಗದಕ್ಕೆ ದಕ್ಕಲಿಲ್ಲ.
ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಕೂರುತ್ತದೆ,
ಚುಕ್ಕಾಣಿ ದೋಣಿಯ ಹಿಂಬದಿಗಿರುವ ಹಾಗೆ.
ಅದು ಕೈಗೆ ಸಿಗದೆ ಬಾಯಿ ತೆರೆದರೆ
ಎತ್ತ ಹೋಗಿ ಬಡಿಯುತ್ತೇನೋ.

ಮದಾ ಎನ್ನಲೇ? ಮದಾ ಎಂದರೂ ಇನ್ನೂ.
ಇನ್ನೂ ಇದ್ದಾನೆ, ಅದೂ ಮದಾ.
ಇನ್ನೂ ಆಗಿಲ್ಲ, ಅದೂ ಮದಾ.
ಅರ್ಧಕ್ಕೆ ನಿಲ್ಲಿಸಿದರೆ, ಏನು ಇನ್ನೂ ಆಗಿಲ್ಲ ಎಂದು
ತಾಯಿಯಾದವಳು ಕೇಳದೆ ಇರುತ್ತಾಳೆಯೇ.
ಜಿತ್ತೊ ಎನ್ನಲೇ? ಹಿಮದಲ್ಲಿ ಸಾರಸ
ಒಂಟಿಗಾಲಲ್ಲಿ ನಿಂತದ್ದು ಜಿತ್ತೊ,
ಕ್ಷೌರಕ್ಕೆ ಕೂತ ಮಗುವೂ ಜಿತ್ತೊ.
ಅದರಲ್ಲಿ ಉಸಿರಿದೆ. ಉಸಿರಿಲ್ಲದ್ದಕ್ಕೆ ಆ ಪದ ಸಲ್ಲದು.
ಹಾಗಾದರೆ... ಬೇಡ.

'ಕಾಗದ ಮುಗಿದಿದೆ' ಎಂದೆ.
ಕಮಿ ಎಂದರೆ ಕಾಗದ. ಕಮಿ ಎಂದರೆ ದೇವರೂ.
ಅವಳ ಕಣ್ಣು ತಾನಾಗಿ ಗೋಡೆಯ ಮೇಲಿನ
ಪುಟ್ಟ ದೇವರ ಹಲಗೆಗೆ ಹೋಯಿತು.
ಅಲ್ಲಿ ಅಕ್ಕಿ, ಉಪ್ಪು, ನಿನ್ನೆಯ ನೀರು.
ಹೊಸ ಸುರುಳಿ ಬೀರುವಿನಲ್ಲಿ, ಬೀಗದ ಕೈ ಕಾರ್ಯದರ್ಶಿಯ ಬಳಿ,
ಕಾರ್ಯದರ್ಶಿ ಬೀದಿಯಾಚೆ ಬಿಸಿನೀರ ಕೊಳದಲ್ಲಿ
ಕತ್ತಿನವರೆಗೆ ಮುಳುಗಿ.
ಮುಕ್ಕಾಲು ಗಂಟೆ ಇಬ್ಬರೂ ಕೂತೆವು. ಜಿತ್ತೊ.
ಅವಳ ಬೂಟಿನ ಹಿಮ ಕರಗಿ ನೆಲದಲ್ಲಿ ನೀರಾಯಿತು.
ನಾನು ಒರೆಸಿದೆ. ಅವಳು ಕ್ಷಮೆ ಕೇಳಿದಳು.

ಮತ್ತೆ ಯಂತ್ರ. ಅದೇ ಪುಟ, ಮೊದಲಿಂದ.
ಹಿ ಈಸ್ ಸ್ಟಿಲ್ ಕ್ರಾಸ್
ಎದೆ ಧಸಕ್ಕೆಂದಿತು: ಶಿಲುಬೆ. ಅವರ ಗೋರಿಗಳ ಮೇಲಿನದು.
ಇನ್ನೊಂದು ಬೆರಳಗಲ ಸರಿಯಿತು ಕಾಗದ:
ಅಬೌಟ್ ದ ಸೂಪ್.

ಕೋಪ! ಸೂಪಿನ ಮೇಲೆ ಕೋಪ!
ಮದಾ ಅಲ್ಲ, ಜಿತ್ತೊ ಅಲ್ಲ. ಬೇಕಾದ ಪದ
ದಿನಾ ಬಸ್ಸಿನಲ್ಲಿ, ಮೀನಂಗಡಿಯಲ್ಲಿ ಕೇಳುವಂಥದು:
ಐಕವರಾಜು. ಎಂದಿನ ಹಾಗೇ, ಒಂದಿಷ್ಟೂ ಬದಲಾಗದೆ.
'ನಿಮ್ಮ ತೊಮೊಹಾರು ಎಂದಿನ ಹಾಗೇ
ಊಟಕ್ಕೆ ಹೆಸರಿಡುತ್ತಿದ್ದಾನಂತೆ' ಎಂದೆ.

ಕಿನುಯೊ ನಗಲಿಲ್ಲ. ಕೈಚೀಲದ ಹಿಡಿ ಹಿಂಡುತ್ತಾ
'ಉಪ್ಪು ಕಡಿಮೆ ಇರಬೇಕು' ಎಂದಳು.
'ಬರೆಯಿರಿ ಆ ಹುಡುಗಿಗೆ.'
ಬರೆದೆ. ಉಪ್ಪು ಸುಲಭ.
'ಕೊನೆಗೆ ಯೊರೊಶಿಕು ಎಂದು ಸೇರಿಸಿ.'

ನೋಡಿಕೊಳ್ಳಿ, ಕೃಪೆಯಿರಲಿ, ಋಣ ನನ್ನದು,
ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಗಂಟು ಕಟ್ಟಿದ ಪದ.
ಪೆನ್ನು ಎತ್ತಿದ ಕೈ
ಎತ್ತಿದಲ್ಲೇ ನಿಂತಿತು.